ಮೂವತ್ತೆರಡು ಅಡಿಯ ಹುಳ

ದಾಕ್ಷಾಯಿಣಿ ಹೊಲಿದ ಹುಳ ಮೂವತ್ತೆರಡು ಅಡಿ ಉದ್ದವಿತ್ತು. ಅದಕ್ಕೂ ಮೊದಲು ಅವಳು ಹೊಲಿದದ್ದೆಲ್ಲ ಲಾರಿಗಳ ತಾಡಪತ್ರಿ, ಟಂಟಂ ಗಾಡಿಗಳ ಸೀಟು, ಟ್ರ್ಯಾಕ್ಟರಿನ ಮೇಲ್ಹೊದಿಕೆ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಅವಳು ಕೂತು ಹೊಲಿಯುವ ತಗಡಿನ ಶೆಡ್ಡನ್ನು ಹಾಕಿದವನು ಅವಳ ಅಪ್ಪ ಮಡಿವಾಳಪ್ಪ. ಅಪ್ಪ ಹೋದ ಮೇಲೆ ಶೆಡ್ಡು, ದಪ್ಪ ಬಟ್ಟೆ ಹೊಲಿಯುವ ಮೂರು ಮಷೀನು, ಅಪ್ಪನ ಕಾಲದಿಂದ ಎರಡನೇ ಮಷೀನಿನ ಮುಂದೆ ಕೂರುತ್ತಿದ್ದ ರೆಹಮತ್‌ಬಿ, ಎಲ್ಲವೂ ಅವಳ ಪಾಲಿಗೆ ಬಂದವು. ವಯಸ್ಸು ನಲವತ್ನಾಲ್ಕು. ಮದುವೆಯಾಗಿರಲಿಲ್ಲ. ಆ ಮಾತು ತೆಗೆಯುವ ನೆಂಟರೂ ಈಗೀಗ ಸುಮ್ಮನಾಗಿದ್ದರು.

ಜನವರಿಯಲ್ಲಿ ಒಂದು ಮುಂಜಾನೆ ಧಾರವಾಡದಿಂದ ವಿಶಾಲ ಎಂಬವನು ಶೆಡ್ಡಿಗೆ ಬಂದ. ಮೂವತ್ತರ ಆಸುಪಾಸು, ಮೆತ್ತಗಿನ ಮಾತು. ‘ನೆಲಬಾಯಿ’ ಅಂತ ಒಂದು ಸಿನಿಮಾ ಮಾಡುತ್ತಿದ್ದೇನೆ, ಅದರಲ್ಲಿ ನೆಲದೊಳಗಿಂದ ಒಂದು ದೊಡ್ಡ ಹುಳ ಎದ್ದು ಬರುತ್ತದೆ, ಅದನ್ನು ಹೊಲಿದು ಕೊಡಬೇಕು ಎಂದ.

"ಕಂಪ್ಯೂಟರಿನ್ಯಾಗ ಮಾಡತಾರಲ್ರಿ ಈಗ ಎಲ್ಲಾ?" ಎಂದಳು ದಾಕ್ಷಾಯಿಣಿ.

"ಕಂಪ್ಯೂಟರ್ ಹುಳಕ್ಕ ತೂಕ ಇರಂಗಿಲ್ಲ್ರಿ ಅಕ್ಕಾರ. ನೋಡಿದ ಕೂಡಲೇ ತಿಳೀತೈತಿ, ಇದು ನೆಲಕ್ಕ ತಾಗಿಲ್ಲ ಅಂತ. ನನಗ ಭಾರ ಇರೋ ಹುಳ ಬೇಕು."

ಅವನು ಮೊಬೈಲಿನಲ್ಲಿ ಬೇರೆ ಬೇರೆ ದೇಶಗಳ ಸಿನಿಮಾಗಳ ತುಣುಕು ತೋರಿಸಿದ. ಮರಳನ್ನು ಸೀಳಿಕೊಂಡು ಬರುವ ಹುಳ, ಮನೆಯ ನೆಲಹಾಸಿನ ಕೆಳಗೆ ಉಬ್ಬುತ್ತ ಸಾಗುವ ಹುಳ, ಮನುಷ್ಯನ ಚರ್ಮದೊಳಗೆ ಹೊಕ್ಕು ಕುತ್ತಿಗೆಯವರೆಗೆ ಹರಿಯುವ ಎಳೆಯಷ್ಟು ತೆಳ್ಳಗಿನ ಹುಳ. ರೆಹಮತ್‌ಬಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು, ಸೆರಗಿನ ಸಂದಿಯಿಂದಲೇ ಎಲ್ಲವನ್ನೂ ನೋಡಿದಳು. ದಾಕ್ಷಾಯಿಣಿ ಮಾತ್ರ ಹೊಲಿಗೆ ಎಲ್ಲಿದೆ ಎಂದು ಹುಡುಕುತ್ತಿದ್ದಳು.

"ಹಾವಿಗೆ ಕಣ್ಣು ಐತಿ, ಹುಲಿಗೆ ಮುಖ ಐತಿ," ಎಂದ ವಿಶಾಲ. "ಹುಳಕ್ಕ ಏನೂ ಇಲ್ಲ. ಬರೀ ಬಾಯಿ. ಅದಕ್ಕ ಸಿಟ್ಟು ಬಂದೈತೋ, ನೋವಾಗೈತೋ, ಹಸಿವ್ಯಾಗೈತೋ, ನೋಡಾವರಿಗೆ ತಿಳಿಯಂಗಿಲ್ಲ. ಹೆದರಿಕಿ ಇರೂದೇ ಅಲ್ಲೆ."

ಈ ಮಾತು ಅವಳಿಗೆ ಹಿಡಿಸಿತು. ಕೆಲಸ ಒಪ್ಪಿಕೊಂಡಳು. ಗೋಪನಕೊಪ್ಪದ ತನ್ನ ಮನೆಯ ಹಿತ್ತಲಿನ ಹಸಿ ಮಣ್ಣನ್ನು ಕೆದರಿ ನಾಲ್ಕು ಎರೆಹುಳ ತಂದು, ಪರಾತದ ಅಗಲ ತಟ್ಟೆಯಲ್ಲಿ ಬಿಟ್ಟು, ವಾರವಿಡೀ ನೋಡಿದಳು. ಹುಳ ಕಾಲಿಲ್ಲದೆ ಹೇಗೆ ಮುಂದೆ ಹೋಗುತ್ತದೆ, ಹಿಂದಿನ ಉಂಗುರ ಗಿಡ್ಡಗಾದಾಗ ಮುಂದಿನದು ಹೇಗೆ ಉದ್ದವಾಗುತ್ತದೆ ಎಂಬುದನ್ನು ಹಾಳೆಯ ಮೇಲೆ ಗೆರೆ ಎಳೆದು ಇಟ್ಟುಕೊಂಡಳು. ಕಂದು ಬಣ್ಣದ ರೆಕ್ಸಿನ್, ಅದರ ಒಳಗೆ ಫೋಮ್, ಪ್ರತಿ ಎರಡು ಅಡಿಗೆ ನೀರಿನ ಪೈಪು ಬಗ್ಗಿಸಿ ಮಾಡಿದ ಬಳೆ, ಬಳೆಗಳ ನಡುವೆ ಮಡಿಕೆಗಳಲ್ಲಿ ಅಗಲ ಇಲಾಸ್ಟಿಕ್ಕು. ಒಳಗೆ ನಾಲ್ಕು ಮಂದಿ ಸಾಲಾಗಿ ನಿಂತು ಒಬ್ಬರಾದ ಮೇಲೆ ಒಬ್ಬರು ಕುಕ್ಕರಿಸಿ ಎದ್ದರೆ ಇಡೀ ಮೈ ಅಲೆ ಅಲೆಯಾಗಿ ಹಿಂಡಿಕೊಳ್ಳುತ್ತಿತ್ತು. ಹೊಟ್ಟೆಯ ಕೆಳಗೆ, ಬಾಲದ ಹತ್ತಿರ, ಐದು ಅಡಿಯ ಒಂದು ಜಿಪ್ ಚೈನು ಹಾಕಿದಳು. ಒಳಗೆ ಹೋಗಲು, ಹೊರಗೆ ಬರಲು ಅದೊಂದೇ ದಾರಿ. ಬಾಯಿಯ ಕಡೆ ಹಲ್ಲುಗಳ ಕಬ್ಬಿಣದ ಚೌಕಟ್ಟು ಇದ್ದದ್ದರಿಂದ ಅಲ್ಲಿ ಬರೀ ಗಾಳಿಗೆ ಎರಡು ಜಾಳಿಗೆ.

ಬಾಲ ಎಲ್ಲಕ್ಕಿಂತ ಭಾರ. ಅದನ್ನು ಎತ್ತಿ ಬಡಿಯಲು ಗಟ್ಟಿ ಆಳು ಬೇಕು ಎಂದು ವಿಶಾಲ ಹೇಳಿದಾಗ ದಾಕ್ಷಾಯಿಣಿಯೇ ಬೀರಪ್ಪನ ಹೆಸರು ಸೂಚಿಸಿದಳು. ಬೀರಪ್ಪ ಅವಳ ಓಣಿಯವನು. ಐವತ್ತೆರಡು ವರ್ಷ. ಅಮರಗೋಳದ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ಹಮಾಲಿ, ಮೆಣಸಿನಕಾಯಿ ಚೀಲ, ಹತ್ತಿ ಅಂಡಿಗೆ ಹೊತ್ತು ಹೊತ್ತು ಬೆನ್ನು ಹಲಗೆಯಾದವನು. ಸಿನಿಮಾ ಎಂದ ಕೂಡಲೇ ಅವನ ಮುಖ ಅರಳಿತು.

"ನಾ ಕಾಣತೇನೇನ್ರಿ ಅಕ್ಕಾರ ಅದರಾಗ?" ಎಂದು ಕೇಳಿದ.

"ನೀ ಕಾಣಂಗಿಲ್ಲ ಬೀರಪ್ಪಣ್ಣ. ನಿನ್ನ ಬಾಲ ಕಾಣತೈತಿ."

ಅವನ ಹೆಂಡತಿ ಹನುಮವ್ವ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

ಶೂಟಿಂಗ್ ನಡೆದದ್ದು ಏಪ್ರಿಲಿನಲ್ಲಿ, ಧಾರವಾಡದ ಆಚೆಗೆ ಕೆಲಸ ನಿಂತುಹೋದ ಒಂದು ಕಲ್ಲುಗಣಿಯಲ್ಲಿ. ಗಣಿಯ ತಳದಲ್ಲಿ ಗಾಳಿ ಆಡುತ್ತಿರಲಿಲ್ಲ. ಹನ್ನೊಂದು ಗಂಟೆಗೇ ಕಲ್ಲಿನ ಮೇಲೆ ಕೈ ಇಡಲಾಗುತ್ತಿರಲಿಲ್ಲ. ಹರಿದರೆ ಹೊಲಿಯಲು ಇರಲಿ ಎಂದು ದಾಕ್ಷಾಯಿಣಿಯನ್ನು ಕರೆಸಿದ್ದರು. ಮೊದಲ ಎರಡು ದಿನ ಎಲ್ಲವೂ ಸರಿಯಾಗಿ ನಡೆಯಿತು. ಪ್ರತಿ ಶಾಟ್ ಮುಗಿದ ಕೂಡಲೇ ಅವಳೇ ಹೋಗಿ ಚೈನು ಎಳೆಯುತ್ತಿದ್ದಳು, ನಾಲ್ವರೂ ಬೆವರಿನಲ್ಲಿ ಅದ್ದಿ ತೆಗೆದಂತೆ ಹೊರಗೆ ಬಂದು ನೀರು ಕುಡಿಯುತ್ತಿದ್ದರು.

ಮೂರನೇ ದಿನ ಹುಳ ಅರ್ಧ ಮೈ ಎತ್ತಿ ನಿಲ್ಲುವ ಶಾಟು. ಹುಳ ಎದ್ದಾಗ ಹೊಟ್ಟೆ ಕಂಡಿತು, ಹೊಟ್ಟೆಯ ಕೆಳಗೆ ಬಿಸಿಲಿಗೆ ಚೈನು ಫಳ್ಳನೆ ಹೊಳೆಯಿತು.

ವಿಶಾಲ ಅವಳನ್ನು ಕರೆದು ಪರದೆಯ ಮೇಲೆ ತೋರಿಸಿದ. "ಜನಾ ನಗತಾರ ಅಕ್ಕಾರ. ಪ್ಯಾಂಟ್ ಹಾಕ್ಕೊಂಡ ಹುಳ ಅಂತಾರ. ಇದರ ಮ್ಯಾಲ ಒಂದು ಪಟ್ಟಿ ಇಟ್ಟು ಹೊಲದಬಿಡ್ರಿ."

"ಒಳಗ ನಾಕ ಮಂದಿ ಅದಾರ. ಹೊರಗ ಬರೂದು ಹೆಂಗ?"

"ಹತ್ತ ನಿಮಿಷದ ಶಾಟ್ ಐತ್ರಿ. ಮುಗದ ಕೂಡಲೇ ಬಿಚ್ಚೂಣು. ನೀವು ಬ್ಲೇಡ್ ಹಿಡಕೊಂಡು ಬಾಜೂಕ ನಿಂದರ್ರಿ, ಆತಲ್ಲ?"

ಅವಳು ಬೇಡ ಎಂದಳು. ಎರಡು ಸಲ ಅಂದಳು. ಮೂರನೆಯ ಸಲ ಅನ್ನಲಿಲ್ಲ. ಕ್ಯಾಮೆರಾದವರು, ಲೈಟಿನವರು, ಎಲ್ಲರೂ ಬಿಸಿಲಲ್ಲಿ ಅವಳಿಗಾಗಿ ಕಾಯುತ್ತ ನಿಂತಿದ್ದರು. ಪೆಟ್ಟಿಗೆಯಿಂದ ಬಾಗಿದ ಸೂಜಿ, ನೈಲಾನ್ ದಾರ ತೆಗೆದುಕೊಂಡು ಹೋಗಿ ಮಂಡಿಯೂರಿ ಕೂತಳು.

ಒಳಗಿನಿಂದ ಬೀರಪ್ಪನ ದನಿ ಬಂತು. "ಅಕ್ಕಾರ, ನೋಡಿ ಹೊಲೀರಿ. ನನ್ನೂ ಸೇರಿಸಿ ಹೊಲದಗಿಲದೀರಿ."

"ಸುಮ್ಮನ ನಿಂದರಪಾ," ಎಂದು ನಕ್ಕು ಕೊನೆಯ ಗಂಟು ಹಾಕಿದಳು.

ಹತ್ತು ನಿಮಿಷ ಎಂದದ್ದು ನಲವತ್ತಾಯಿತು. ಒಮ್ಮೆ ಮೋಡ ಅಡ್ಡ ಬಂತು, ಒಮ್ಮೆ ಗಣಿಯ ಮೇಲಿನ ದಾರಿಯಲ್ಲಿ ಯಾರೋ ಬೈಕು ನಿಲ್ಲಿಸಿ ನೋಡುತ್ತ ನಿಂತರು, ಒಮ್ಮೆ ಹುಳ ತಪ್ಪು ಬದಿಗೆ ಹೊರಳಿತು. ಪ್ರತಿ ಸಲವೂ "ಇನ್ನೊಂದ ಸಲ" ಎಂದರು. ಬಿಚ್ಚಲೇ ಎಂದು ದಾಕ್ಷಾಯಿಣಿ ಎರಡು ಸಲ ಕೇಳಿದಳು. ಬಿಚ್ಚಿದರೆ ಮತ್ತೆ ಹೊಲಿಯಲು ಅರ್ಧ ತಾಸು ಬೇಕು, ಬಿಸಿಲು ಸರಿಯುತ್ತದೆ ಎಂದರು. ಸಿನಿಮಾದ ಮ್ಯಾನೇಜರ್ ಸಿದ್ದಲಿಂಗಪ್ಪ, ನರೆತ ಮೀಸೆಯ ದೊಡ್ಡ ಆಳು, ಅವಳನ್ನು ಕ್ಯಾಮೆರಾದ ಹಿಂದೆ ತಂದು ನಿಲ್ಲಿಸಿದ.

ಐದನೆಯ ಸಲ ಹುಳ ಎದ್ದಿತು, ಬಿದ್ದಿತು. ಆಮೇಲೆ, ಯಾರೂ ಹೇಳಿಕೊಡದ ರೀತಿಯಲ್ಲಿ, ಬಾಲದ ಕಡೆಯಿಂದ ಒದ್ದಾಡತೊಡಗಿತು. ಬಾಲ ನೆಲಕ್ಕೆ ಬಡಿಯಿತು, ಸುರುಳಿಯಾಯಿತು, ಮತ್ತೆ ಬಡಿಯಿತು. ಅಲೆ ಹಿಂದಿನಿಂದ ಮುಂದಕ್ಕೆ ಒಡೆದು ಒಡೆದು ಹೋಯಿತು. ಧೂಳು ಎದ್ದಿತು.

ಮೊದಲ ಕೆಲವು ಕ್ಷಣ ದಾಕ್ಷಾಯಿಣಿಗೆ ಖುಷಿಯಾಯಿತು. ಪರಾತದಲ್ಲಿ ಕಂಡದ್ದಕ್ಕಿಂತ ಚೆಂದ ಹೊರಳುತ್ತಿದೆ, ಮಡಿಕೆಯೊಂದೂ ಕಿತ್ತು ಬರುತ್ತಿಲ್ಲ ಎಂದು ತನ್ನ ಕೆಲಸವನ್ನೇ ನೋಡುತ್ತ ನಿಂತಳು. ಆಮೇಲೆ ರೆಕ್ಸಿನ್ನಿನ ಮೇಲೆ ಒಳಗಿನಿಂದ ಒಂದು ಉಬ್ಬು ಮೂಡಿತು. ಐದು ಬೆರಳು. ಅಂಗೈ. ಅದು ಹೊಲಿಗೆ ಎಲ್ಲಿದೆ ಎಂದು ತಡಕುತ್ತಿತ್ತು.

ಅವಳು ಓಡಲು ಹೆಜ್ಜೆ ಇಟ್ಟಳು. ಸಿದ್ದಲಿಂಗಪ್ಪ ತೋಳು ಹಿಡಿದ. "ಫ್ರೇಮಿನ್ಯಾಗ ಹೋಗಬ್ಯಾಡ್ರಿ."

"ಅಂವಗ ಏನೋ ಆಗೈತಿ. ಬಿಡ್ರಿ."

ವಿಶಾಲ ಪರದೆಯಿಂದ ಕಣ್ಣು ತೆಗೆಯದೆ ಕೈ ಎತ್ತಿ ಮೆಲ್ಲಗೆ ಹೇಳಿದ, "ನಿಲ್ಲಸಬ್ಯಾಡ್ರಿ. ನಡೀಲಿ, ನಡೀಲಿ."

ಬಾಲ ಸುಮ್ಮನಾದ ಮೇಲೆಯೇ ಅವನು ಕಟ್ ಎಂದದ್ದು. ದಾಕ್ಷಾಯಿಣಿ ಬ್ಲೇಡು ಹಾಕಿ ತನ್ನ ಹೊಲಿಗೆಯನ್ನು ತಾನೇ ಸೀಳಿದಳು. ಅವಸರದಲ್ಲಿ ಅವಳ ಹೆಬ್ಬೆರಳೂ ಸೀಳಿತು. ಬೀರಪ್ಪನ ಮೈ ಒಣಗಿ ಕಾದ ಹಂಚಾಗಿತ್ತು, ಬೆವರೇ ಇರಲಿಲ್ಲ. ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಉಳಿದ ಮೂವರು ಬಾಯಿಯ ಕಡೆ ಇದ್ದದ್ದರಿಂದ ಜಾಳಿಗೆಯ ಗಾಳಿ ಅವರನ್ನು ಉಳಿಸಿತ್ತು.

ಬೀರಪ್ಪನನ್ನು ಸತ್ತೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡರು. ಮೈಯ ಶಾಖ ಮೆದುಳಿಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಟ್ಟಿದೆ ಎಂದರು. ಮೂರು ಸಲ ಮಷೀನಿಗೆ ಹಾಕಿ ರಕ್ತ ತೊಳೆದರು. ಬೀರಪ್ಪ ಬದುಕಿದ. ಆದರೆ ಕೈ ನಡುಗುವುದು ನಿಲ್ಲಲಿಲ್ಲ, ನಡೆದರೆ ಹೆಜ್ಜೆ ಓರೆಯಾಗುತ್ತಿತ್ತು. ಚೀಲ ಹೊರುವ ಮಾತು ಅಲ್ಲಿಗೇ ಮುಗಿಯಿತು.

ವಿಶಾಲ ಆಸ್ಪತ್ರೆಗೆ ಬಂದು ಹನುಮವ್ವನ ಕಾಲು ಮುಟ್ಟಿ ಅತ್ತ. ಆಸ್ಪತ್ರೆಯ ಖರ್ಚೆಲ್ಲ ಅವನೇ ನೋಡಿಕೊಂಡ. ದಾಕ್ಷಾಯಿಣಿಯ ಎದುರಿಗೇ ಹನುಮವ್ವನಿಗೆ ಹೇಳಿದ, "ಆ ಶಾಟ್ ಸಿನಿಮಾದಾಗ ಇರಂಗಿಲ್ಲ್ರಿ. ನಮ್ಮವ್ವನ ಮ್ಯಾಲೆ ಆಣಿ."

ಅವನ ಅಳು ಸುಳ್ಳಲ್ಲ ಎಂದು ದಾಕ್ಷಾಯಿಣಿಗೆ ಆಗ ಅನ್ನಿಸಿತ್ತು. ಈಗಲೂ ಅವಳಿಗೆ ಹಾಗೇ ಅನ್ನಿಸುತ್ತದೆ, ಅವಳ ಸಿಟ್ಟು ಹೆಚ್ಚಲು ಅದೂ ಒಂದು ಕಾರಣ.

ನವೆಂಬರಿನಲ್ಲಿ ಸಿನಿಮಾದ ಟ್ರೇಲರ್ ಬಂತು. ಊಟದ ಹೊತ್ತಿನಲ್ಲಿ ರೆಹಮತ್‌ಬಿ ಮೊಬೈಲು ಹಿಡಿದುಕೊಂಡು, "ನೋಡ ಬೇಟಿ, ನಮ್ಮ ಹುಳ ಬಂದೈತಿ" ಎಂದು ಹತ್ತಿರ ಬಂದಳು. ಎರಡು ನಿಮಿಷದ ಟ್ರೇಲರಿನ ಕೊನೆಯಲ್ಲಿ ಆ ಹುಳ ಗಣಿಯ ತಳದಲ್ಲಿ ಒದ್ದಾಡುತ್ತಿತ್ತು. ಕೆಳಗೆ ಜನ ಬರೆದಿದ್ದರು: ಮೈ ಜುಮ್ ಅಂತು ಗುರು. ಹುಳಕ್ಕೆ ಪ್ರಶಸ್ತಿ ಕೊಡಿ. ಇದು ನಿಜವಾದ ಆ್ಯಕ್ಟಿಂಗ್.

ದಾಕ್ಷಾಯಿಣಿ ರೊಟ್ಟಿಯ ಬುತ್ತಿ ಮುಚ್ಚಿದಳು. ಕೈ ತೊಳೆಯಲಿಲ್ಲ. ಸ್ಕೂಟಿ ತೆಗೆದು ನೇರ ಧಾರವಾಡಕ್ಕೆ, ಸಪ್ತಾಪುರದಲ್ಲಿದ್ದ ವಿಶಾಲನ ಆಫೀಸಿಗೆ ಹೋದಳು.

"ಬರ್ರಿ ಅಕ್ಕಾರ, ಕುಂದರ್ರಿ," ಎಂದು ಅವನು ಎದ್ದು ನಿಂತ.

"ಕುಂದ್ರಾಕ ಬಂದಿಲ್ಲ. ಆ ಶಾಟ್ ತಗೀರಿ."

"ಒಂದ ಚಹಾ ಕುಡೀರಿ ಮೊದಲ."

"ಆಣಿ ಮಾಡೀರಿ ನೀವು. ಆ ಹೆಣ್ಮಗಳ ಕಾಲ ಹಿಡದು ಆಣಿ ಮಾಡೀರಿ."

ಅವನು ಮತ್ತೆ ಕುರ್ಚಿಯಲ್ಲಿ ಕೂತ. "ಆವಾಗ ಖರೇನ ತಗೀಬೇಕು ಅಂತಿದ್ದೆ. ಎಡಿಟಿಂಗಿಗೆ ಕುಂತಾಗ ತಗದೂ ನೋಡಿನಿ. ಅದಿಲ್ಲಂದ್ರ ಸಿನಿಮಾ ಬರೀ ರೆಕ್ಸಿನ್ ಆಗತೈತ್ರಿ. ಆ ಒಂದು ಶಾಟಿನ್ಯಾಗ ಹುಳ ಜೀವಂತ ಆಗೈತಿ."

"ಹುಳ ಜೀವಂತ ಆಗಿಲ್ಲ. ಮನಷ್ಯಾ ಸಾಯಾಕತ್ತಿದ್ದ."

"ನೋಡಾವರಿಗೆ ಬೀರಪ್ಪಣ್ಣ ಕಾಣಂಗಿಲ್ಲಲ್ರಿ. ಯಾರಿಗೂ ಗೊತ್ತಾಗಂಗಿಲ್ಲ."

"ನನಗ ಗೊತ್ತೈತಿ. ಆ ರೆಕ್ಸಿನ್ ನಾ ಹೊಲದದ್ದು. ಎಲ್ಲೆ ಅವನ ಕೈ ಐತಿ, ಎಲ್ಲೆ ಮಣಕಾಲು ಐತಿ, ಕಣ್ಣು ಮುಚ್ಚಿ ಹೇಳತೇನಿ. ಗೊತ್ತಾಗಂಗಿಲ್ಲ ಅಂತ ಹೇಳತೀಯಲ್ಲ, ನಾಚಿಕಿ ಬರೂದಿಲ್ಲೇನು ನಿನಗ?"

ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಗೋಡೆಯ ಮೇಲೆ ಸಿನಿಮಾದ ಪೋಸ್ಟರ್ ಇತ್ತು. ಕೈ ಹಾಕಿ ಎಳೆದಳು. ಅಂಟು ಗಟ್ಟಿ ಇದ್ದದ್ದರಿಂದ ಅರ್ಧ ಮಾತ್ರ ಹರಿದು ಬಂತು. ಆ ಅರ್ಧವನ್ನು ಮುದ್ದೆ ಮಾಡಿ ಅವನ ಮೇಜಿನ ಮೇಲೆ ಎಸೆದಳು.

ವಿಶಾಲ ಸಿಟ್ಟಾಗಲಿಲ್ಲ. ಡ್ರಾವರಿನಿಂದ ಒಂದು ಕಾಗದ ತೆಗೆದು ಅವಳ ಮುಂದಿಟ್ಟ. ಆ ಶಾಟನ್ನು ಸಿನಿಮಾದಲ್ಲಿ ಬಳಸಲು ತನ್ನ ಒಪ್ಪಿಗೆ ಇದೆ ಎಂದು ಟೈಪ್ ಮಾಡಿದ ಕಾಗದ. ಕೆಳಗೆ ಬೀರಪ್ಪನ ಸಹಿ. ನಡುಗುವ ಕೈಯ ಸಹಿ, ಅಕ್ಷರ ಅಕ್ಷರವೂ ಹಲ್ಲು ಹಲ್ಲಾಗಿತ್ತು.

"ನಾ ಒತ್ತಾಯ ಮಾಡಿಲ್ಲ್ರಿ. ಕೇಳಿದೆ. ಅವರು ಖುಷೀಲೆ ಮಾಡ್ಯಾರ."

ಗೋಪನಕೊಪ್ಪಕ್ಕೆ ಬಂದವಳು ತನ್ನ ಮನೆಗೆ ಹೋಗದೆ ಬೀರಪ್ಪನ ಮನೆಗೆ ಹೋದಳು. ಅವನು ಕಟ್ಟೆಯ ಮೇಲೆ ನೆರಳಲ್ಲಿ ಕೂತಿದ್ದ. ಹನುಮವ್ವ ಒಳಗೆ ಅಕ್ಕಿ ಆರಿಸುತ್ತಿದ್ದಳು.

"ಯಾಕ ಸಹಿ ಮಾಡಿದಿ ಬೀರಪ್ಪಣ್ಣ? ನನಗ ಒಂದ ಮಾತ ಕೇಳಬೇಕೋ ಬ್ಯಾಡೋ?"

"ನಿಮ್ಮನ್ಯಾಕ ಕೇಳಬೇಕ್ರಿ? ಮೈ ನಂದು."

"ಅವರು ನಿನ್ನ ಜೀವ ಹೋಗೂದನ್ನ ಮಂದಿಗೆ ತೋರಿಸಾಕತ್ತಾರ."

"ಹೋತೇನ್ರಿ ಜೀವ? ಇಲ್ಲೇ ಕುಂತೇನಲ್ಲ." ಅವನು ನಡುಗುವ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡ. "ಮೂವತ್ತ ವರ್ಷ ಚೀಲ ಹೊತ್ತೇನಿ ಅಕ್ಕಾರ. ಒಬ್ಬರರ ನಿಂತು ನೋಡ್ಯಾರೇನು? ಈಗ ಎಲ್ಲಾರೂ ನೋಡಾಕತ್ತಾರ. ಆ ಓಣಿ ಹುಡುಗರು ಬಂದು ಕೈ ಮುಗದು ಹೋದ್ರು, ಹುಳದ ಕಾಕಾ ಅಂತಾರ. ಅದನ್ನೂ ತಗಸಬೇಕಂತೀರೇನು?"

ಒಳಗಿನಿಂದ ಹನುಮವ್ವ ಹೇಳಿದಳು, "ನನ್ನನ್ನೂ ಕೇಳಿಲ್ಲ್ರಿ ಅವರು." ಮೆತ್ತಗೇ ಹೇಳಿದಳು, ಆದರೆ ಮೊರವನ್ನು ನೆಲಕ್ಕೆ ಕುಕ್ಕಿದಳು.

ದಾಕ್ಷಾಯಿಣಿ ಸ್ಕೂಟಿ ತಿರುಗಿಸಿ ಮನೆಗೆ ಹೋದಳು. ಸಿಟ್ಟು ಇಳಿಯಲಿಲ್ಲ. ಎರಡು ವಾರ ಮಷೀನಿನ ಮೇಲೆ ತೀರಿಸಿಕೊಂಡಳು, ಸೂಜಿ ಮೇಲೆ ಸೂಜಿ ಮುರಿದಳು. ರೆಹಮತ್‌ಬಿ ಏನೂ ಅನ್ನದೆ ಹೊಸ ಸೂಜಿ ಹಾಕಿ ಕೊಡುತ್ತಿದ್ದಳು.

ಸಿನಿಮಾ ಬಿಡುಗಡೆಯಾದ ಮೂರನೇ ದಿನ ಬೀರಪ್ಪನೇ ಅವಳ ಮನೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. "ಹನುಮವ್ವ ಒಲ್ಲೆ ಅಂತಾಳ. ಹುಳ ನೀವ ಹೊಲದೀರಿ, ನೀವರ ಬರ್ರಿ ಅಕ್ಕಾರ. ನನಗ ಒಬ್ಬಂಗ ಮೆಟ್ಲ ಹತ್ತಾಕ ಆಗೂದಿಲ್ಲ."

ಹುಬ್ಬಳ್ಳಿಯ ಟಾಕೀಜಿನಲ್ಲಿ ಮಧ್ಯಾಹ್ನದ ಆಟ. ಮುಕ್ಕಾಲು ಭಾಗ ತುಂಬಿತ್ತು. ಅವಳು ಬೀರಪ್ಪನ ರಟ್ಟೆ ಹಿಡಿದು ಹತ್ತಿಸಿ ಸೀಟಿಗೆ ಕೂರಿಸಿದಳು.

ಸಿನಿಮಾ ಕೆಟ್ಟದಾಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅದು ಚೆನ್ನಾಗಿತ್ತು. ಮನೆಗಳ ನಡುವೆ ಮಣ್ಣು ಉಬ್ಬಿ ಸಾಗುವುದು, ಬಾವಿಯ ನೀರು ಇದ್ದಕ್ಕಿದ್ದಂತೆ ಇಳಿಯುವುದು, ಕಟ್ಟಿದ ಎಮ್ಮೆ ನೆಲದ ಕಡೆಗೆ ಕಿವಿ ತಿರುಗಿಸುವುದು. ತಾನೇ ಹೊಲಿದ ಹುಳ ಮೊದಲ ಸಲ ಬಾಯಿ ತೆರೆದಾಗ ಅವಳು ಸೀಟಿನ ಕೈ ಹಿಡಿದುಕೊಂಡಳು. ಬೀರಪ್ಪ ನಕ್ಕು ಪಕ್ಕದವನಿಗೆ, "ಬಾಲದಾಗ ನಾನದೇನಿ" ಎಂದ. ಪಕ್ಕದವನು ನಂಬಲಿಲ್ಲ.

ಆಮೇಲೆ ಗಣಿ ಬಂತು. ಹುಳ ಎದ್ದಿತು, ಬಿದ್ದಿತು. ಒದ್ದಾಟ ಶುರುವಾಯಿತು. ವಿಶಾಲ ಅದನ್ನು ಎಲ್ಲೂ ಕತ್ತರಿಸಿರಲಿಲ್ಲ. ಸಂಗೀತವನ್ನೂ ಹಾಕಿರಲಿಲ್ಲ. ರೆಕ್ಸಿನ್ ಕಲ್ಲಿಗೆ ತೀಡುವ ಸದ್ದು, ಬಾಲ ಬಡಿಯುವ ಸದ್ದು ಅಷ್ಟೇ. ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು. ಚಪ್ಪಾಳೆ ಬಿತ್ತು. ಒದ್ದಾಟ ನಡೆದೇ ಇತ್ತು. ಅಂಗೈಯ ಉಬ್ಬು ಮೂಡಿದಾಗ ಜನ ಹೋ ಎಂದರು. ಒಳಗೆ ಮರಿ ಇದೆ ಎಂದು ಅವರು ತಿಳಿದುಕೊಂಡಿರಬೇಕು. ಅದು ಇನ್ನೂ ನಡೆದೇ ಇತ್ತು.

ದಾಕ್ಷಾಯಿಣಿ ಬೀರಪ್ಪನ ಕಡೆ ನೋಡಿದಳು. ಅವನು ನಗುತ್ತಿರಲಿಲ್ಲ. ಬಾಯಿ ತೆರೆದು ಉಸಿರೆಳೆಯುತ್ತಿದ್ದ.

"ಹೊರಗ ಹೋಗೂಣ್ರಿ," ಎಂದ.

ಟಾಕೀಜಿನ ಆವರಣದಲ್ಲಿ, ಬೈಕುಗಳ ಸಾಲಿನ ಹತ್ತಿರ ಸಿಮೆಂಟಿನ ಕಟ್ಟೆಯ ಮೇಲೆ ಅವನನ್ನು ಕೂರಿಸಿದಳು. ನೀರಿನ ಬಾಟಲಿ ತಂದು ಕೊಟ್ಟಳು. ಅವನು ಕುಡಿಯಲಿಲ್ಲ.

"ಎಷ್ಟೊತ್ತು ಅದು?" ಎಂದು ಕೇಳಿದ.

"ಏನು?"

"ನಾ ಒಳಗ ಬಡಕೊಂಡದ್ದು. ನನಗ ಒಂದ ಸಲ ಕೈ ಬಡದಿದ್ದು ಅಷ್ಟ ನೆನಪೈತ್ರಿ. ಬಡದೆ, ನೀವೆಲ್ಲಾ ಓಡಿ ಬಂದ್ರಿ ಅಂತ ತಿಳಕೊಂಡಿದ್ದೆ. ಇಷ್ಟ ದಿನ ಹಂಗ ತಿಳಕೊಂಡಿದ್ದೆ." ಅವನು ಅವಳ ಮುಖ ನೋಡಿದ. "ಅಷ್ಟೊತ್ತು ಎಲ್ಲಾರೂ ನೋಡಕೋತ ನಿಂತಿದ್ರೇನು?"

ಅವಳು ಬೈಕುಗಳ ಕಡೆ ಮುಖ ತಿರುಗಿಸಿದಳು.

"ನೀವೂ ಅಲ್ಲೇ ಇದ್ರಲ್ರಿ ಅಕ್ಕಾರ. ಬ್ಲೇಡ್ ನಿಮ್ಮ ಕೈಯಾಗ ಇತ್ತಂತ ಸಿನಿಮಾದವರು ಅಂದಿದ್ರು."

ಸಿದ್ದಲಿಂಗಪ್ಪ ತೋಳು ಹಿಡಿದಿದ್ದ ಎಂದು ಹೇಳಬಹುದಾಗಿತ್ತು. ಅದು ನಿಜವೂ ಆಗಿತ್ತು. ಆದರೆ ತಾಡಪತ್ರಿಯ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ನಡೆಯುವ ತೋಳು ಅವಳದು. ಕಿತ್ತುಕೊಳ್ಳಬೇಕೆಂದಿದ್ದರೆ ಕಿತ್ತುಕೊಳ್ಳುತ್ತಿತ್ತು.

"ಮ್ಯಾನೇಜರ್ ಹಿಡದಿದ್ದ," ಎಂದಳು. "ಆದರ ಅದಕ್ಕೂ ಮೊದಲ ನಾ ಸುಮ್ಮನ ನಿಂತಿದ್ದೆ. ನನಗ ಖುಷಿ ಆಗಿತ್ತು ಬೀರಪ್ಪಣ್ಣ. ನಾ ಹೊಲದ ಹುಳ ಎಷ್ಟ ಛಲೋ ಹೊರಳಾಕತ್ತೈತಿ ಅಂತ ನೋಡಾಕತ್ತಿದ್ದೆ. ನಿನ್ನ ಕೈ ಕಂಡ ಮ್ಯಾಲ ತಿಳೀತು."

ಬೀರಪ್ಪ ಬಾಟಲಿಯನ್ನು ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಎದುರಿನ ಗೋಡೆಗೆ ಎಸೆದ. ಕೈ ನಡುಗುತ್ತಿದ್ದದ್ದರಿಂದ ಅದು ಗೋಡೆಯವರೆಗೂ ಹೋಗಲಿಲ್ಲ, ಬೈಕುಗಳ ನಡುವೆ ಬಿದ್ದು ಉರುಳಿತು. ಅವಳು ರಟ್ಟೆ ಹಿಡಿಯಲು ಬಂದಾಗ, "ಮುಟ್ಟಬ್ಯಾಡ್ರಿ" ಎಂದ. ಗೋಡೆ ಹಿಡಿದುಕೊಂಡು ರಸ್ತೆಯವರೆಗೆ ಓರೆ ಓರೆಯಾಗಿ ನಡೆದು, ಒಬ್ಬನೇ ಆಟೋ ಹತ್ತಿ ಹೋದ.

ಎರಡು ದಿನ ಬಿಟ್ಟು ಹನುಮವ್ವ ತಾರಿಹಾಳದ ಶೆಡ್ಡಿಗೆ ಬಂದಳು. ಅಷ್ಟು ದೂರ ಅವಳು ಒಬ್ಬಳೇ ಬಂದದ್ದು ಅದೇ ಮೊದಲು. ರೆಹಮತ್‌ಬಿ ಕೊಟ್ಟ ಸ್ಟೂಲಿನ ಮೇಲೆ ಕೂರಲಿಲ್ಲ.

"ಪೊಲೀಸರ ಕಡಿ ಹೋಗೂಣು ಅಂತಾರ್ರಿ ಅವರು. ಆ ಡೈರೆಕ್ಟರನ ಮ್ಯಾಲೆ, ಮ್ಯಾನೇಜರನ ಮ್ಯಾಲೆ ಬರಸತಾರಂತ. ನಿಮ್ಮ ಮ್ಯಾಲೂ ಬರಸತೇನಿ ಅಂತಾರ. ಮೊದಲ ಹೇಳಿ ಬಾ ಅಂದ್ರು, ಹೇಳಾಕ ಬಂದೆ."

ರೆಹಮತ್‌ಬಿ ಮಷೀನು ನಿಲ್ಲಿಸಿ, "ಇಕಿ ಏನ ಮಾಡ್ಯಾಳ? ಹೊಲಿ ಅಂದ್ರು, ಹೊಲದಾಳ" ಎಂದಳು.

"ನೀ ಸುಮ್ಮನಿರು ಖಾಲಾ," ಎಂದಳು ದಾಕ್ಷಾಯಿಣಿ. "ನಾನೂ ಬರತೇನಿ ಹನುಮವ್ವ."

ಠಾಣೆಯಲ್ಲಿ ಅಧಿಕಾರಿ ಮೊದಲು ಬೀರಪ್ಪನ ಮಾತು ಬರೆದುಕೊಂಡರು. ಆಮೇಲೆ ಇವಳ ಕಡೆ ತಿರುಗಿ ಪೆನ್ನು ಕೆಳಗಿಟ್ಟರು.

"ಹೊಲದಾವರು ನೀವ? ನೋಡ್ರಿ, ನಿಮ್ಮನ್ನ ಸಾಕ್ಷಿ ಮಾಡಬೇಕಂದ್ರ ಒಂದ ರೀತಿ ಬರೀಬೇಕು. ಹೊಲದದ್ದನ್ನೆಲ್ಲಾ ಹೇಳಿದ್ರ ನಿಮ್ಮ ಮ್ಯಾಲೂ ಬರತೈತಿ. ವಿಚಾರ ಮಾಡ್ರಿ."

"ಬರಕೋರಿ," ಎಂದಳು ದಾಕ್ಷಾಯಿಣಿ. "ಐದು ಅಡಿ ಹೊಲಿಗಿ. ಎರಡೂ ಬಾಜೂ. ನೈಲಾನ್ ದಾರ, ಎರಡೆಳಿ. ಒಳಗ ಮಂದಿ ಇದ್ದಾಗ ಹೊಲದೇನಿ. ಬ್ಯಾಡ ಅಂತ ಎರಡ ಸಲ ಅಂದೆ, ಮೂರನೇ ಸಲ ಅನ್ನಲಿಲ್ಲ. ಅದನ್ನೂ ಬರೀರಿ. ನಡೀಲಿ ಅಂತ ಆ ಡೈರೆಕ್ಟರ್ ಎರಡ ಸಲ ಅಂದ. ಅದನ್ನ ಬಿಡಬ್ಯಾಡ್ರಿ. ಅಂವ ಅಂದದ್ದು ನಾ ಕಿವೀಲೆ ಕೇಳೇನಿ."

ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಪಕ್ಕದ ಮೇಜಿನವರು ತಲೆ ಎತ್ತಿ ನೋಡಿದರು. ಅವಳು ತಗ್ಗಿಸಲಿಲ್ಲ.

ವಿಷಯ ಪತ್ರಿಕೆಗೆ ಬಂತು. ಹಮಾಲರ ಸಂಘದವರು ಟಾಕೀಜಿನ ಮುಂದೆ ನಿಂತರು. ಎರಡನೇ ವಾರ ಆ ಶಾಟನ್ನು ತೆಗೆದು ಸಿನಿಮಾ ಓಡಿಸಿದರು. ಆದರೆ ಅಷ್ಟರಲ್ಲಿ ಅದು ಎಲ್ಲರ ಮೊಬೈಲಿನಲ್ಲೂ ಇತ್ತು. ಒಳಗೆ ನಿಜವಾಗಿಯೂ ಒಬ್ಬ ಮನುಷ್ಯ ಒದ್ದಾಡಿದ್ದ ಎಂದು ತಿಳಿದ ಮೇಲೆ ಇನ್ನೂ ಹೆಚ್ಚು ಜನ ಅದನ್ನು ಹುಡುಕಿ ನೋಡಿದರು. ಇದನ್ನು ರೆಹಮತ್‌ಬಿ ಹೇಳಿದ ದಿನ ದಾಕ್ಷಾಯಿಣಿ ಶೆಡ್ಡಿನ ಬಾಗಿಲು ಹಾಕಿ, ಮಿಕ್ಕಿದ್ದ ಕಂದು ರೆಕ್ಸಿನ್ನನ್ನು ಕತ್ತರಿಯಿಂದ ಚೂರು ಚೂರು ಮಾಡಿದಳು. ಸಂಜೆಯವರೆಗೆ ಬೇಕಾಯಿತು.

ಮೊದಲ ವಿಚಾರಣೆ ಧಾರವಾಡದ ನ್ಯಾಯಾಲಯದಲ್ಲಿ, ಫೆಬ್ರವರಿಯಲ್ಲಿ. ಆರೋಪಿಗಳ ಪಟ್ಟಿಯಲ್ಲಿ ವಿಶಾಲ, ಸಿದ್ದಲಿಂಗಪ್ಪ, ಆಮೇಲೆ ದಾಕ್ಷಾಯಿಣಿ. ವರಾಂಡದ ಬೆಂಚಿನ ಒಂದು ತುದಿಗೆ ಬೀರಪ್ಪ, ಅವನ ಪಕ್ಕ ಹನುಮವ್ವ, ಇನ್ನೊಂದು ತುದಿಗೆ ದಾಕ್ಷಾಯಿಣಿ. ಟಾಕೀಜಿನ ಆ ದಿನದಿಂದ ಬೀರಪ್ಪ ಅವಳ ಜೊತೆ ಮಾತಾಡಿರಲಿಲ್ಲ.

ವಿಶಾಲ ವಕೀಲರನ್ನು ಬಿಟ್ಟು ಅವರ ಕಡೆ ಬಂದ. ಸೊರಗಿದ್ದ. "ಬೀರಪ್ಪಣ್ಣ, ನಾ ನಿಮ್ಮನ್ನ ಸಾಯಿಸಬೇಕಂತ ಮಾಡಿಲ್ಲ್ರಿ. ನೀವರ ನಂಬರಿ."

"ನಂಬತೇನಿ," ಎಂದ ಬೀರಪ್ಪ. "ಸಾಯಿಸಬೇಕಂತ ಮಾಡಿಲ್ಲ ನೀ. ನಾ ಒಳಗ ಅದೇನಿ ಅನ್ನೂದ ನಿನಗ ಮರತ ಹೋಗಿತ್ತು. ಈಗ ಹೋಗು."

ವಿಶಾಲ ಹೋದ. ಸ್ವಲ್ಪ ಹೊತ್ತಾದ ಮೇಲೆ, ಮುಖ ತಿರುಗಿಸದೆ, ಬೀರಪ್ಪ ಮತ್ತೆ ಮಾತಾಡಿದ.

"ನಿಮ್ಮ ಮ್ಯಾಲೂ ಸಿಟ್ಟು ಹೋಗಿಲ್ಲ್ರಿ ಅಕ್ಕಾರ."

"ಹೋಗೂದು ಬ್ಯಾಡ," ಎಂದಳು ದಾಕ್ಷಾಯಿಣಿ. "ನಂದೂ ಹೋಗಿಲ್ಲ."

ಒಳಗಿನಿಂದ ಜವಾನ ಹೊರಬಂದು ಬೀರಪ್ಪನ ಹೆಸರು ಕೂಗಿದ, ಆಮೇಲೆ ಅವಳದು. ಹನುಮವ್ವ ಗಂಡನ ರಟ್ಟೆ ಹಿಡಿದು ಎಬ್ಬಿಸಿದಳು. ಬಾಗಿಲು ಕಿರಿದಾಗಿತ್ತು. ದಾಕ್ಷಾಯಿಣಿ ಪಕ್ಕಕ್ಕೆ ನಿಂತು, ಅವರಿಬ್ಬರೂ ಒಳಗೆ ಹೋದ ಮೇಲೆ ತಾನೂ ಹೋದಳು.